ಖಾನಾವಳಿಗೆ ಬಂದ ಸಪ್ಪಳ

ಡಾಕ್ಟರ್ ಬಾಯಿ ನಮ್ಮೂರಿಗೆ ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಯಿತು. ಮಧ್ಯಾಹ್ನದ ಊಟದ ಹೊತ್ತು, ನನ್ನ ಖಾನಾವಳಿ ತುಂಬಿತ್ತು. ಹೊರಗೆ ಬೀದಿಯಲ್ಲಿ ಟಪ್, ಟಪ್, ಟಪ್ ಎಂದು ಏನೋ ಬಡಿಯುವ ಸಪ್ಪಳ. ಅದು ಹತ್ತಿರ ಹತ್ತಿರ ಬಂತು. ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. "ಯಾರದೋ ಎಮ್ಮಿ ಹಗ್ಗ ಹರಕೊಂಡು ಬಂದೈತಿ" ಎಂದ ಒಬ್ಬ. "ಎಮ್ಮಿ ಎಲ್ಲಿ ಚಪ್ಪಲಿ ಹಾಕ್ಕೊಂತೈತೋ ಮಳ್ಳ" ಎಂದ ಬಾಗಿಲ ಬಳಿ ಕೂತವನು. ನೋಡಿದರೆ ನಡುವಯಸ್ಸಿನ ಹೆಂಗಸು, ಎರಡೂ ಕೈಯಲ್ಲಿ ಭಾರದ ಪೆಟ್ಟಿಗೆ. ಕಾಲಲ್ಲಿ ಚಪ್ಪಲಿ, ಚಪ್ಪಲಿಯ ಕೆಳಗೆ ನೆಲ! ನಡುವೆ ಒಂದು ಕೂದಲು ತೂರುವಷ್ಟೂ ಸಂದಿಲ್ಲ. ನನಗೆ ಪಾಪ ಅನ್ನಿಸಿತು.

"ಒಳಗ ಬರ್ರಿ ಬಾಯಾರ, ನಾಚಬ್ಯಾಡ್ರಿ. ಎಂತೆಂಥವರೋ ಊಟಕ್ಕ ಬರ್ತಾರ ಇಲ್ಲೆ, ನಾವೇನೂ ಅನ್ನಂಗಿಲ್ಲ" ಎಂದೆ.

"ಯಾಕೆ ನಾಚಬೇಕಮ್ಮಾ?" ಎಂದಳು ಆಕೆ. ಅವಳ ಕನ್ನಡ ಪಟ್ಟಣದ್ದು. ಸುತ್ತ ಕೂತವರ ಕಾಲು ನೋಡಿದ ಮೇಲೆ ಮಾತ್ರ ಪೆಟ್ಟಿಗೆ ಕೆಳಗಿಟ್ಟು ಬೆಂಚಿನ ಮೇಲೆ ಕೂತಳು. ಬೆಂಚಿನ ಪಟ್ಟಿ ಎಳೆದುಕೊಳ್ಳುವುದು ಅವಳಿಗೆ ಬೇಕಾಗಲಿಲ್ಲ.

ನಮ್ಮೂರಲ್ಲಿ ಯಾರ ಕಾಲೂ ನೆಲ ಮುಟ್ಟುವುದಿಲ್ಲ. ಬಡವರು ಎರಡು ಬೆರಳಿನಷ್ಟು ಎತ್ತರ, ಅನುಕೂಲಸ್ಥರು ನಾಲ್ಕು ಬೆರಳು, ಅಡಿವೆಪ್ಪ ಗೌಡರ ಮನೆತನದವರು ಒಂದು ಗೇಣು. ಕನ್ಯೆ ನೋಡಲು ಬಂದವರು ಮೊದಲು ಹುಡುಗಿಯ ಹಿಮ್ಮಡಿಯ ಕೆಳಗೆ ಬೆರಳು ತೂರಿಸಿ ನೋಡಿ, ಆಮೇಲೆ ಚಹಾ ಮುಟ್ಟುತ್ತಾರೆ. ನಡೆದರೆ ಸಪ್ಪಳವಾಗದ ಕಾರಣ ಕೆಮ್ಮಿ ಒಳಗೆ ಬರುವುದು ನಮ್ಮಲ್ಲಿ ಮರ್ಯಾದೆ. ಕೆಮ್ಮದೆ ಬಂದವನು ಕಳ್ಳ, ಇಲ್ಲವೆ ಹೊಸ ಅಳಿಯ. ಆಷಾಢದ ಗಾಳಿಗೆ ಸೊಂಟಕ್ಕೆ ಕಲ್ಲಿನ ಚೀಲ ಕಟ್ಟಿಕೊಂಡು ಸಂತೆಗೆ ಹೋಗುತ್ತೇವೆ. ನನ್ನ ಖಾನಾವಳಿಯ ಬೆಂಚುಗಳಿಗೆಲ್ಲ ಚರ್ಮದ ಪಟ್ಟಿ ಹಾಕಿಸಿದ್ದೇನೆ. ತೊಡೆಯ ಮೇಲೆ ಎಳೆದು ಬಿಗಿದುಕೊಳ್ಳದಿದ್ದರೆ ನಾನು ಸಾರು ಸುರಿಯುವ ಹೊತ್ತಿಗೆ ಗಿರಾಕಿ ಮೇಲೆ ಸರಿದಿರುತ್ತಾನೆ. ಮೂಳೆ ಮುರಿಯುವುದು ನಮಗೆ ನೆಗಡಿ ಬಂದ ಹಾಗೆ. ರೊಟ್ಟಿ ಬಡಿಯುವಾಗಲೇ ನನ್ನ ಬಲಗೈ ಮಣಿಕಟ್ಟು ಮುರಿದು ಕೂಡಿದೆ. ಊರಿನ ದೊಡ್ಡ ಮನೆ ಗೌಡರದು, ಅದಕ್ಕಿಂತ ದೊಡ್ಡದು ಮೂಳೆ ಕಟ್ಟುವವನದು. ಇದೆಲ್ಲ ಯಾಕೆ ಎಂದು ಹೊರಗಿನವರು ಕೇಳಿದರೆ ಹಿರಿಯರ ಪುಣ್ಯ ಎನ್ನುತ್ತೇವೆ. ನಂಬದವರಿಗೆ ಇನ್ನೊಂದು ರೊಟ್ಟಿ ಹಾಕುತ್ತೇವೆ.

ನಾನು ತಂಗೆವ್ವ. ನನ್ನ ಬಾಯಿ ಜೋರು ಅನ್ನುತ್ತಾರೆ. ಖಾನಾವಳಿ ನಡೆಸುವವಳ ಬಾಯಿ ಮೆತ್ತಗಿದ್ದರೆ ಗಿರಾಕಿಗಳು ಒಲೆಯನ್ನೂ ಹೊತ್ತೊಯ್ದಾರು. ಆ ದಿನ ಡಾಕ್ಟರ್ ಬಾಯಿಗೆ ಅಟ್ಟದ ಕೋಣೆ ಬಾಡಿಗೆಗೆ ಕೊಟ್ಟು, ಊಟವೂ ನನ್ನಲ್ಲೇ ಎಂದು ಮಾತಾಯಿತು. ಹೆಸರು ಮೆಹರುನ್ನೀಸಾ. "ಏನು ಓದೀರಿ?" ಎಂದು ಕೇಳಿದೆ.

"ವಿಷದ ಬಗ್ಗೆ ಓದಿದ್ದೀನಮ್ಮಾ. ಕಾರ್ಖಾನೆಯ ರಾಸಾಯನಿಕ ನೀರಿಗೆ, ಗಾಳಿಗೆ ಸೇರಿದರೆ ಮನುಷ್ಯರ ಮೈಗೆ ಏನಾಗುತ್ತೆ ಅಂತ ನೋಡೋದು ನನ್ನ ಕೆಲಸ."

ವಿಷ ಎನ್ನುವ ಮಾತು ಬಿದ್ದದ್ದೇ ತಡ, ಪಕ್ಕದ ಬೆಂಚಿನವರು ತಾಟು ಎತ್ತಿಕೊಂಡು ಆಚೆ ಹೋದರು. ಮರುದಿನದಿಂದ ಜನ ನನ್ನ ಬಾಗಿಲಿಗೆ ಸಾಲು ಹಚ್ಚಿದರು. ಒಬ್ಬನಿಗೆ ಇಲಿ ಪಾಷಾಣ ಬೇಕಿತ್ತು. ಒಬ್ಬಳು ಡಬ್ಬಿಯಲ್ಲಿ ಸತ್ತ ಚೇಳು ತಂದು "ಇದು ಕಡದ್ರ ಏನ್ ಮಾಡೂದ್ರಿ?" ಎಂದಳು. "ಸತ್ತದ್ದು ಹ್ಯಾಂಗ ಕಡಿತೈತವಾ?" ಎಂದು ನಾನೇ ಉತ್ತರ ಕೊಟ್ಟು ಕಳಿಸಿದೆ. ಡಾಕ್ಟರ್ ಬಾಯಿ ಮಾತ್ರ ಯಾರಿಗೂ ಬೇಸರಪಡಲಿಲ್ಲ. ಬಂದವರನ್ನೆಲ್ಲ ಕೂಡ್ರಿಸಿ ಒಂದೇ ಒಂದು ಕೇಳಿದಳು: ನಿಮ್ಮ ಉಗುರು ಕೊಡುತ್ತೀರಾ?

ಶಿವ ಶಿವಾ! ಉಗುರು ಕೇಳುವವರು ಮಾಟ ಮಾಡುವವರು ಎಂದು ಎಳೆಕೂಸಿಗೂ ಗೊತ್ತು. ಊರೆಲ್ಲ ಕೈ ಸೆರಗಿನೊಳಗೆ, ಜೇಬಿನೊಳಗೆ ಇಟ್ಟುಕೊಂಡು ಓಡಾಡತೊಡಗಿತು. ಕೊನೆಗೆ ನಾನೇ ನಡುವೆ ನಿಂತು, "ಮಾಟ ಮಾಡಾಕ ನಿಮ್ಮಂಥವರ ಹತ್ರ ಏನೈತ್ರೋ? ಉಗುರು ಕೊಟ್ಟವರಿಗೆ ಒಂದು ಚಹಾ ಪುಕ್ಕಟ" ಎಂದು ಸಾರಿದೆ. ಅಷ್ಟೇ. ಸಂಜೆಯೊಳಗೆ ನನ್ನ ಹಾಲು ಮುಗಿಯಿತು, ಕೆಲವರ ಉಗುರು ರಕ್ತ ಬರುವಷ್ಟು ಗಿಡ್ಡವಾಗಿತ್ತು. ತೂಕ ನೋಡುವುದು ಇನ್ನೊಂದು ಮೋಜು. ಆಕೆ ತಂದ ಯಂತ್ರದ ಮೇಲೆ ಕಾಲೇ ತಾಗದೆ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ನನ್ನ ಜೋಳದ ತಕ್ಕಡಿ ಕೊಟ್ಟೆ. ಒಂದು ಕಡೆ ಕಲ್ಲು, ಒಂದು ಕಡೆ ಮನುಷ್ಯನನ್ನು ಕಟ್ಟಿ ತೂಗಿದೆವು. ಬಜಾರದ ದೊಡ್ಡ ಮನುಷ್ಯರೆಲ್ಲ ಒಂದು ಚೀಲ ಮೆಣಸಿನಕಾಯಿಗಿಂತ ಹಗುರ ಎಂದು ಆ ದಿನ ಗೊತ್ತಾಯಿತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಕೆ ನಗಲಿಲ್ಲ.

ಇನ್ನು ನನ್ನ ಮಗಳ ಮಾತು ಹೇಳಬೇಕು. ಕಸ್ತೂರಿ ನನಗೆ ಒಬ್ಬಳೇ ಮಗಳು. ನಾಲ್ಕು ಬೆರಳಿನ ಮನೆತನಕ್ಕೆ ಕೊಟ್ಟಿದ್ದೆ. ನಮ್ಮಲ್ಲಿ ಬಸುರಿಗೆ ಏಳನೇ ತಿಂಗಳಲ್ಲಿ 'ಎತ್ತುವ ನೀರು' ಕುಡಿಸುತ್ತಾರೆ. ಊರ ಮೇಲ್ಗಡೆ ಬಟ್ಟೆ ಬೆಳ್ಳಗೆ ಮಾಡುವ ಪುಡಿಯ ಕಾರ್ಖಾನೆ ಇದೆ. ಅದರ ಕೊಳವೆ ಹಳ್ಳಕ್ಕೆ ಬೀಳುವಲ್ಲಿ ನೀರು ಹಾಲಿನಂತೆ ನೊರೆಯಾಗಿ, ಸಿಹಿಯಾಗಿ ಇರುತ್ತದೆ. ಅಲ್ಲಿಂದಲೇ ಕೊಡ ತುಂಬಿ ತಂದು ಕುಡಿಸಿದರೆ ಕೂಸು ಎತ್ತರ ನಿಲ್ಲುತ್ತದೆಂದು ನಂಬಿಕೆ. ಕಾರ್ಖಾನೆಯ ಮ್ಯಾನೇಜರಿಗೆ ಮಾತ್ರ ಪಾಪ, ಈ ನೀರು ಒಗ್ಗುವುದಿಲ್ಲವಂತೆ, ಬಾಟಲಿ ತರಿಸಿ ಕುಡಿಯುತ್ತಾನೆ. ಕಸ್ತೂರಿಗೆ ಮೊದಲ ಬಸುರಿನಲ್ಲಿ ಎತ್ತುವ ನೀರು ಬಹಳ ಚೆನ್ನಾಗಿ ಹತ್ತಿತು. ನನ್ನ ಮನೆಯ ನಡುಕೋಣೆಯಲ್ಲಿ ಗಂಡು ಕೂಸು ಹುಟ್ಟಿತು. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸಿದ್ದೇ ಅದು ಕೈ ಜಾರಿ ಮೇಲೆದ್ದು, ಮಾಳಿಗೆಯ ಬೆಳಕಿಂಡಿಯಿಂದ ಹೊರಗೆ ಹೋಯಿತು. ಒಂದು ಸಲ ಅತ್ತದ್ದು ಕೇಳಿಸಿತು, ಅಷ್ಟೇ. ಊರವರು ಬಂದು "ಪುಣ್ಯವಂತ ಕೂಸು, ಅಷ್ಟು ಎತ್ತರ ಯಾರಿಗೆ ಸಿಗತೈತಿ" ಎಂದು ಹೇಳಿ ಸಕ್ಕರೆ ತಿಂದು ಹೋದರು. ನಾನು ಆ ಬೆಳಕಿಂಡಿಗೆ ಹಲಗೆ ಬಡಿಸಿದೆ. ನಡುಕೋಣೆ ಹಗಲಲ್ಲೂ ಕತ್ತಲಾಯಿತು. ಕಸ್ತೂರಿ ಅವತ್ತಿನಿಂದ ಕೂತಲ್ಲಿ ನಿಂತಲ್ಲಿ ಮೇಲೆ ನೋಡುತ್ತಾಳೆ. ಒಗ್ಗರಣೆ ಹಾಕುವಾಗಲೂ ಮೇಲೆ ನೋಡುತ್ತಾಳೆ.

ಡಾಕ್ಟರ್ ಬಾಯಿ ಬಂದಾಗ ಅವಳು ಮತ್ತೆ ಬಸುರಾಗಿ ನನ್ನ ಮನೆಯಲ್ಲಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರ್ ಬಾಯಿ ಹಿರಿಯರನ್ನೆಲ್ಲ ನನ್ನ ಖಾನಾವಳಿಗೆ ಕರೆಸಿದಳು. ಅಡಿವೆಪ್ಪ ಗೌಡರು ಬಂದರು, ಹಿಂದೆ ಅವರ ಸೊಂಟದ ಹಗ್ಗ ಹಿಡಿದುಕೊಂಡು ಆಳು ಬಂದ. ಆಕೆ ನೇರವಾಗಿ ಹೇಳಿದಳು. "ಹಳ್ಳದ ನೀರಲ್ಲಿ ಕಾರ್ಖಾನೆಯ ವಿಷ ಇದೆ. ಅದು ನಿಮ್ಮ ಉಗುರಲ್ಲಿದೆ, ಮೂಳೆಯಲ್ಲಿದೆ. ಮೂಳೆ ಒಳಗಿಂದೊಳಗೇ ಟೊಳ್ಳಾಗುತ್ತಿದೆ. ಯಾರು ಎಷ್ಟು ಎತ್ತರ ಇದ್ದಾರೋ ಅವರ ಮೈಯಲ್ಲಿ ಅಷ್ಟು ಹೆಚ್ಚು. ಹೊಟ್ಟೆಯಲ್ಲಿರುವ ಮಗುವಿಗೆ ಎಲ್ಲರಿಗಿಂತ ಹೆಚ್ಚು. ದಯವಿಟ್ಟು ಬಸುರಿಯರಿಗೆ ಆ ಕೊಳವೆ ನೀರು ಕುಡಿಸಬೇಡಿ."

ಗೌಡರು ಮೀಸೆ ತಿರುವಿದರು. "ಬಾಯಾರ, ಕಾಮಾಲಿ ಆದವರ ಕಣ್ಣಿಗೆ ಕಾಣೂದೆಲ್ಲಾ ಹಳದಿ. ವಿಷ ಓದಿದವರಿಗೆ ಹರಿಯೂ ನೀರೆಲ್ಲಾ ವಿಷ. ನೆಲಕ್ಕ ಅಂಟಿಕೊಂಡು ನೀವು ನಮ್ಮ ಎತ್ತರ ಅಳೀತೀರಿ?"

ಎಲ್ಲರೂ ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಗೌಡರು ಚೆನ್ನಾಗಿ ಮಾತಾಡುತ್ತಾರೆ. ನಗದೆ ಇದ್ದವಳು ಒಬ್ಬಳೇ, ಅಡಿಗೆಮನೆಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ಕಸ್ತೂರಿ.

ಅವತ್ತು ತಾಟು ತೊಳೆಯುತ್ತಾ ಅವಳು ಅಂದಳು, "ಅವ್ವಾ, ಈ ಸಲ ನನಗ ಎತ್ತುವ ನೀರು ಬ್ಯಾಡ."

"ಹುಚ್ಚಿ! ಅದನ್ನ ಕುಡೀದೇ ಹಡೆದ ಕೂಸನ್ನ ನಿಮ್ಮತ್ತಿ ತೊಟ್ಟಿಲಕ್ಕ ಹಾಕ್ತಾಳೇನ? ನಿನ್ನ ಮನಿಗೇ ಕರ್ಕೊಳ್ಳಂಗಿಲ್ಲ" ಎಂದು ಗದರಿದೆ. ನಾನು ಹೆದರಿದ್ದೆ. ಅವಳ ಅತ್ತೆ ಸಿದ್ದವ್ವ ಅಂದರೆ ನನ್ನ ಜೋರು ಬಾಯಿಯೂ ಮೆತ್ತಗಾಗುತ್ತದೆ. ನಾಲ್ಕು ಬೆರಳು ಎತ್ತರ, ಅದರ ಮೇಲೆ ನಾಲ್ಕು ಮೊಳ ಗತ್ತು.

ಹೀಗೆ ಇರುವಾಗ ಒಂದು ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದೆ. ತಿರುಗಿ ನೋಡಿದರೆ ಡಾಕ್ಟರ್ ಬಾಯಿ ಬೆನ್ನ ಹಿಂದೆಯೇ ನಿಂತಿದ್ದಾಳೆ! "ಅಯ್ಯ ನಿಮ್ಮ, ಕೆಮ್ಮಿ ಬರಬಾರದೇನ್ರಿ?" ಎಂದು ಕಿರುಚಿದೆ. ದಿನವೂ ಆಕೆ ಏಣಿ ಇಳಿದರೆ ಇಡೀ ಮನೆಗೆ ಕೇಳಿಸುತ್ತಿತ್ತು. "ಬಂದ್ರು ನೋಡು ಒನಕಿ ಬಾಯಾರು" ಎಂದು ನಾನೇ ಕಾಡಿಸುತ್ತಿದ್ದೆ. ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದೆವು. ಆಕೆಯ ಹಿಮ್ಮಡಿಯ ಕೆಳಗೆ ಬೆಳಕಿನ ಒಂದು ಸಣ್ಣ ಗೆರೆ ಇತ್ತು.

ಆಕೆ ಗಾಬರಿಯಿಂದ ಹಿಂದೆ ಸರಿದಳು. ಕೈ ಬಾಗಿಲ ಚೌಕಟ್ಟಿಗೆ ತಾಗಿತು. ತಾಗಿದ್ದು ಅಷ್ಟೇ. ಕಟ್ ಎಂದಿತು. ಹಪ್ಪಳ ಮುರಿದ ಸಪ್ಪಳ. ಊರ ಬೀದಿಯಲ್ಲಿ ಆ ಎರಡು ಪೆಟ್ಟಿಗೆ ಹೊತ್ತು ಬಂದ ಕೈಯ ಬೆರಳು ಸೊಟ್ಟಗೆ ಜೋತುಬಿತ್ತು.

ಊರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? "ಬಾಯಾರು ಎದ್ದರಂತ!" ಎಂದು ಜನ ಕುಣಿದರು. ಗೌಡರ ಮನೆಯಿಂದ ಪೇಢೆ ಬಂತು, ಹೆಂಗಸರು ಅರಿಶಿನ ಕುಂಕುಮದ ತಟ್ಟೆ ತಂದರು, ಮೂಳೆ ಕಟ್ಟುವವನು ಮೊದಲ ಪಟ್ಟಿ ಪುಕ್ಕಟೆ ಕಟ್ಟಿದ. "ಇನ್ನ ನೀವು ನಮ್ಮವರು" ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಡಾಕ್ಟರ್ ಬಾಯಿ ಪೇಢೆ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು. ಸಂತೋಷಕ್ಕೆ ಅಳುತ್ತಾಳೆ ಎಂದುಕೊಂಡು ಜನ ತಾವೂ ಕಣ್ಣೊರೆಸಿಕೊಂಡರು.

ನಾನು ಮಾತ್ರ ಒಲೆಯ ಮುಂದೆ ಕೂತೆ. ಈಕೆಗೆ ನಮ್ಮ ಹಿರಿಯರ ಪುಣ್ಯ ಎಲ್ಲಿಂದ ಬರಬೇಕು? ಈಕೆ ಹುಟ್ಟಿದ ಊರು ಬೇರೆ, ಕುಲ ಬೇರೆ, ದೇವರು ಬೇರೆ. ಈಕೆಗೆ ನಮ್ಮೂರಿನದು ಅಂತ ಸೇರಿದ್ದು ಒಂದೇ: ನನ್ನ ಅನ್ನ, ನನ್ನ ಸಾರು, ನನ್ನ ಕೊಡದ ಹಳ್ಳದ ನೀರು. ಸ್ವಲ್ಪ ದಿನಕ್ಕೆ ಏನಾದೀತು ಎಂದು ಆಕೆಯೂ ಅದನ್ನೇ ಉಂಡು ಕುಡಿದಿದ್ದಳು. ಮೊದಲ ಸಲ ಕಸ್ತೂರಿಗೆ ಎತ್ತುವ ನೀರಿನ ಕೊಡ ತಂದವಳೂ ನಾನೇ. ಬೆಳಕಿಂಡಿಯ ಹಲಗೆ ನೋಡಿದೆ. ನೋಡಲಾಗಲಿಲ್ಲ.

"ಬಾಯಾರ, ಬ್ಯಾರೆ ನೀರು ಎಲ್ಲಿಂದ ತರ್ಲಿ? ಹೇಳ್ರಿ" ಎಂದು ಅಟ್ಟ ಹತ್ತಿ ಕೇಳಿದೆ.

"ಊರ ಕೆಳಗಿನ ಸವಳು ಬಾವಿ ಇದೆಯಲ್ಲಕ್ಕಾ. ಪರೀಕ್ಷೆ ಮಾಡಿದ್ದೀನಿ. ನೀರು ಉಪ್ಪುಪ್ಪು, ರುಚಿ ಕೆಟ್ಟದ್ದು, ಆದರೆ ವಿಷ ಇಲ್ಲ. ನಿಮ್ಮ ಎಮ್ಮೆಗಳು ಅದನ್ನೇ ಕುಡಿಯುತ್ತವೆ."

ಎಮ್ಮೆಗಳು! ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನಮ್ಮೂರ ಎಮ್ಮೆಗಳು ನಾಲ್ಕೂ ಕಾಲು ನೆಲಕ್ಕೆ ಊರಿ ನಡೆಯುತ್ತವೆ. ಎಮ್ಮೆಗೆ ಎಲ್ಲಿಯ ಪುಣ್ಯ ಎಂದುಕೊಂಡಿದ್ದೆವು.

ಕಸ್ತೂರಿಗೂ ಡಾಕ್ಟರ್ ಬಾಯಿಗೂ ಅವತ್ತಿನಿಂದ ಸವಳು ನೀರಿನ ಅಡಿಗೆ ಶುರುವಾಯಿತು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಇಬ್ಬರೂ ಮುಖ ಸಿಂಡರಿಸಿಕೊಂಡು ಕುಡಿಯುತ್ತಿದ್ದರು, ನಾನು ಮುಂದೆ ಕೂತು ಲೋಟ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. "ವಿಷವೇ ವಾಸಿ ಇತ್ತಕ್ಕಾ" ಎಂದು ಡಾಕ್ಟರ್ ಬಾಯಿ ಒಮ್ಮೆ ನಕ್ಕಳು. ಆಕೆ ನಕ್ಕದ್ದನ್ನು ಅದೇ ಮೊದಲು ಕಂಡೆ.

ಏಳನೇ ತಿಂಗಳು ಬಂತು. ಸಿದ್ದವ್ವ ಬಳಗವನ್ನೆಲ್ಲ ಕರೆದುಕೊಂಡು, ಹಸಿರು ಸೀರೆ, ಬಳೆ, ಹೂವಿನ ದಂಡೆ ಹಿಡಿದುಕೊಂಡು ಬಂದಿಳಿದಳು. ಪದ್ಧತಿ ಏನೆಂದರೆ, ಕೊಡ ತರುವವಳು ಬಸುರಿಯ ತಾಯಿ. ಸೆರಗು ಮುಚ್ಚಿ, ಯಾರ ಜೊತೆಗೂ ಮಾತಾಡದೆ ತರಬೇಕು. ನನ್ನಂಥವಳಿಗೆ ಅದು ಶಿಕ್ಷೆಯೇ, ಆದರೆ ಅವತ್ತು ದೇವರು ಕೊಟ್ಟ ವರವಾಯಿತು. ಕಾರ್ಖಾನೆಯ ದಾರಿ ಹಿಡಿದಂತೆ ಮಾಡಿ, ಹಿತ್ತಲುಗಳ ಹಿಂದಿನಿಂದ ಸವಳು ಬಾವಿಗೆ ಹೋದೆ. ಎಮ್ಮೆಗಳು ತಲೆಯೆತ್ತಿ ನೋಡಿದವು. ರುಚಿ ಮುಚ್ಚಲಿ ಎಂದು ಒಂದು ದೊಡ್ಡ ಬೆಲ್ಲದ ಉಂಡೆ ಹಾಕಿ ಕದಡಿದೆ. ಸವಳಿಗೆ ಬೆಲ್ಲ ಬಿದ್ದರೆ ಏನಾಗುತ್ತದೆ ಎನ್ನುವುದನ್ನು ವೈರಿಯೂ ತಿಳಿಯದಿರಲಿ.

ಕೊಡ ತಂದು ನಡುಕೋಣೆಯಲ್ಲಿ ಕಸ್ತೂರಿ ಕೂತ ಮಣೆಯ ಮುಂದೆ ಇಟ್ಟೆ. ಹೆಂಗಸರು ಹಾಡು ಹೇಳಿದರು. ಕಸ್ತೂರಿ ಬಟ್ಟಲಿಗೆ ಕೈ ನೀಡಿದಳು. ಅಷ್ಟರಲ್ಲಿ ಸಿದ್ದವ್ವ, "ತಡಿ. ನಮ್ಮ ಮನೆತನದಾಗ ಮೊದಲ ಗುಟುಕು ಅತ್ತಿದು" ಎಂದು ಬಟ್ಟಲು ತಾನೇ ತೆಗೆದುಕೊಂಡಳು.

ಮೊದಲ ಸಲ ಈ ಶಾಸ್ತ್ರಕ್ಕೆ ಆಕೆ ಜ್ವರದಿಂದ ಬಂದಿರಲಿಲ್ಲ, ಹಾಗಾಗಿ ಈ ಪದ್ಧತಿ ನನಗೆ ಗೊತ್ತೇ ಇರಲಿಲ್ಲ. ಸಿದ್ದವ್ವ ಒಂದು ಗುಟುಕು ಕುಡಿದಳು. ಮೂಗು ಮೇಲಕ್ಕೇರಿತು. ಕಣ್ಣಲ್ಲಿ ನೀರು ತುಂಬಿತು. ಬಾಯಿ ಒಂದು ಕಡೆಗೆ ಓರೆಯಾಗಿ, ಹಾಗೇ ನಿಂತಿತು. ಹಾಡು ನಿಂತು, ಬಳಗವೆಲ್ಲ ಆಕೆಯ ಮುಖವನ್ನೇ ನೋಡುತ್ತಿತ್ತು.

"ಹ್ಯಾಂಗೈತ್ರಿ ನೀರು?" ಎಂದು ಯಾರೋ ಕೇಳಿದರು.

ಸಿದ್ದವ್ವ ಕೊಡ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ತಲೆಯೆತ್ತಿ ಬೆಳಕಿಂಡಿಗೆ ಬಡಿದ ಹಲಗೆಯನ್ನು ಬಹಳ ಹೊತ್ತು ನೋಡಿದಳು. ಆಗ ನನಗೆ ಹೊಳೆಯಿತು, ಹೋದ ಕೂಸು ಆಕೆಗೂ ಮೊಮ್ಮಗ. ನನ್ನ ಎದುರು ಆಕೆ ಒಂದು ದಿನವೂ ಅತ್ತಿರಲಿಲ್ಲ. ನಾಲ್ಕು ಬೆರಳಿನವರು ಅಳುವುದಿಲ್ಲ ಎಂದುಕೊಂಡಿದ್ದೆ.

ಗುಟುಕು ಗಟಕ್ ಎಂದು ಒಳಗಿಳಿಯಿತು. "ಅಮೃತ ಐತ್ರೆವಾ" ಎಂದಳು ಸಿದ್ದವ್ವ. "ಇಷ್ಟ್ ಚಲೋ ನೀರು ನನ್ನ ಜನ್ಮದಾಗ ಕುಡಿದಿದ್ದಿಲ್ಲ. ಕುಡಿ, ನನ್ನವ್ವಾ, ಪೂರಾ ಕುಡಿ." ಕಸ್ತೂರಿ ಕುಡಿದಳು. ಬಳಗ ಮತ್ತೆ ಹಾಡು ಎತ್ತಿತು. ಹೊರಡುವಾಗ ಸಿದ್ದವ್ವ ನನ್ನ ಕಿವಿಯ ಹತ್ತಿರ ಬಂದು, "ಬೀಗತ್ಯಾರ, ಇನ್ನೊಮ್ಮೆ ಬೆಲ್ಲ ಹಾಕಬ್ಯಾಡ್ರಿ. ಬರೇ ಸವಳೇ ಪಾಡ" ಎಂದು ಹೋದಳು. ಬೀಗತಿ ಎಂದು ಹೆಸರಿಗೆ ಕರೆಯುತ್ತಿದ್ದವಳನ್ನು ಅವತ್ತು ಅಪ್ಪಿಕೊಳ್ಳಬೇಕು ಅನ್ನಿಸಿತು.

ಹೆರಿಗೆಯ ದಿನ ಸೂಲಗಿತ್ತಿ, ನಾನು, ಸಿದ್ದವ್ವ, ಡಾಕ್ಟರ್ ಬಾಯಿ ನಾಲ್ವರೂ ನಡುಕೋಣೆಯಲ್ಲಿದ್ದೆವು. ಹೆಣ್ಣು ಕೂಸು. ಸೂಲಗಿತ್ತಿ ಅದನ್ನು ಕೌದಿಯ ಮೇಲೆ ಇಟ್ಟು ಕೈ ಬಿಟ್ಟಳು. ಕೂಸು ನಿಧಾನವಾಗಿ ಮೇಲೆದ್ದಿತು. ಒಂದು ಬೆರಳು. ಕಸ್ತೂರಿ ಕೂಗಿಕೊಂಡಳು. ಸಿದ್ದವ್ವ ಎರಡೂ ಕೈ ಮೇಲೆ ಚಾಚಿ ಬೆಳಕಿಂಡಿಯ ಕೆಳಗೆ ಅಡ್ಡ ನಿಂತಳು. ಕೂಸು ಒಂದು ಸಲ ಸೀನಿತು, ಹಾಗೇ ಕೆಳಗಿಳಿದು ಕೌದಿಯ ಮೇಲೆ ಮೆತ್ತಗೆ ಮಲಗಿತು. ಮತ್ತೆ ಏಳಲಿಲ್ಲ. ನಾವು ನಾಲ್ವರೂ ಗೋಳೋ ಎಂದು ಅತ್ತೆವು. ಹೊರಗಿದ್ದ ಜನ ಏನೋ ಕೆಟ್ಟದ್ದಾಯಿತು ಎಂದು ಕಲ್ಲಿನ ಚೀಲ ಕೂಡ ಬಿಚ್ಚದೆ ಒಳಗೆ ನುಗ್ಗಿದರು.

ಡಾಕ್ಟರ್ ಬಾಯಿ ತಿಂಗಳು ಕಳೆದ ಮೇಲೆ ಹೊರಟಳು. ಬೆರಳು ಕೂಡಿತ್ತು, ಚಪ್ಪಲಿ ಟಪ್ ಟಪ್ ಎನ್ನುತ್ತಿತ್ತು, ನನಗೆ ಅದನ್ನು ಕೇಳುವುದೇ ಹಿತ. ಸರ್ಕಾರಕ್ಕೆ ವರದಿ ಕೊಟ್ಟಿದ್ದಾಳೆ. ಸಮಿತಿ ಬರುತ್ತದಂತೆ. ಬರುತ್ತಿದೆ, ಇನ್ನೂ ಬರುತ್ತಲೇ ಇದೆ. ಕಾರ್ಖಾನೆಯ ಕೊಳವೆ ಈಗಲೂ ಸುರಿಯುತ್ತದೆ, ಗೌಡರು ಇನ್ನೂ ಅರ್ಧ ಬೆರಳು ಏರಿದ್ದಾರೆ, ಅವರ ಆಳು ಇನ್ನೊಬ್ಬ ಆಳನ್ನು ಇಟ್ಟುಕೊಂಡಿದ್ದಾನೆ. ಆದರೆ ಒಂದು ಮಾತು ಹೇಳಬೇಕು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಸವಳು ಬಾವಿಗೆ ಕೊಡ ತರುತ್ತಿದ್ದಾರೆ. "ಯಾಕ್ರೆವಾ?" ಎಂದರೆ "ಎಮ್ಮಿಗ್ರೀ" ಎನ್ನುತ್ತಾರೆ. ಎಮ್ಮೆ ಇಲ್ಲದವರೂ ಎಮ್ಮೆಗೆ ಎನ್ನುತ್ತಾರೆ. ಮೊನ್ನೆ ಗೌಡರ ಸೊಸೆ ಬಂದಿದ್ದಳು, ಹೊಟ್ಟೆ ಮುಂದಾಗಿತ್ತು. "ನಿಮ್ಮ ಎಮ್ಮಿಗೆ ಎಷ್ಟರಾಗ?" ಎಂದು ಕೇಳಿದೆ. "ಐದರಾಗ್ರೀ" ಎಂದು ನಾಚಿದಳು. ಹಗ್ಗ ಹಿಡಿದು ನಾನೇ ಕೊಡ ಸೇದಿ ಕೊಟ್ಟೆ.

ಸಿದ್ದವ್ವ ಕೂಸಿಗೆ ಭೂಮವ್ವ ಎಂದು ಹೆಸರಿಟ್ಟಳು, ತನ್ನ ಅತ್ತೆಯ ಹೆಸರು ಎಂದು ಹೇಳಿ. ಆಕೆಯ ಅತ್ತೆಯ ಹೆಸರು ಅದಲ್ಲ ಎಂದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲಿಲ್ಲ.

ಮೊನ್ನೆ ಮಧ್ಯಾಹ್ನ ಖಾನಾವಳಿ ತುಂಬಿತ್ತು. ಕಸ್ತೂರಿ ಕೂಸು ಕರಕೊಂಡು ತವರಿಗೆ ಬಂದಿದ್ದಳು. ಒಳಗಿನಿಂದ ದಪ್, ದಪ್ ಎಂದು ಸಪ್ಪಳ ಬಂತು. ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. "ಡಾಕ್ಟರ್ ಬಾಯಿ ತಿರುಗಿ ಬಂದ್ರೇನ?" ಎಂದ ಒಬ್ಬ. ನಾನು ಸೌಟು ಹಿಡಿದುಕೊಂಡೇ ಓಡಿದೆ. ನಡುಕೋಣೆಯ ಕತ್ತಲಲ್ಲಿ ಭೂಮವ್ವ ಗೋಡೆ ಬಿಟ್ಟು ನಡೆಯುತ್ತಿದ್ದಳು. ಎರಡು ಹೆಜ್ಜೆ ಹಾಕುವುದು, ಬೀಳುವುದು, ಎದ್ದು ಮತ್ತೆ ನೆಲ ಒದೆಯುವುದು. ಬಿದ್ದರೂ ಒಂದು ಮೂಳೆಯೂ ಕಟ್ ಎನ್ನಲಿಲ್ಲ. ಗಿರಾಕಿಗಳು ಪಟ್ಟಿ ಬಿಚ್ಚಿಕೊಂಡು ಬಂದು ಬಾಗಿಲಲ್ಲಿ ಗುಂಪಾಗಿ ತೇಲುತ್ತಾ ನಿಂತರು. ಯಾರೂ ಕೆಮ್ಮಲೂ ಇಲ್ಲ.

"ಅವ್ವಾ, ಆ ಹಲಗಿ ತಗಿ. ಒಳಗ ಕತ್ತಲ ಆಗೇತಿ, ಕೂಸಿಗೆ ಕಾಣವಲ್ದು" ಎಂದಳು ಕಸ್ತೂರಿ.

ಏಣಿ ಇಟ್ಟು ಮಾಳಿಗೆ ಹತ್ತಿ ಹಲಗೆ ಕಿತ್ತೆ. ಬಿಸಿಲು ಧೊಪ್ಪನೆ ನೆಲಕ್ಕೆ ಬಿತ್ತು. ಬೆಳಕಿಂಡಿಯಿಂದ ಬಗ್ಗಿ ನೋಡಿದೆ. ಭೂಮವ್ವ ಆ ಬಿಸಿಲಿನ ನಡುವೆ ಹೋಗಿ ನಿಂತು ಕಾಲು ಬಡಿದು ಬಡಿದು ಕುಣಿಯುತ್ತಿದ್ದಳು. ಕಸ್ತೂರಿ ಕೂಸಿನ ಪಾದಗಳನ್ನೇ ನೋಡುತ್ತಾ ಕೂತಿದ್ದಳು. "ಕಸ್ತೂರೀ" ಎಂದು ನಾನು ಮೇಲಿನಿಂದ ಕರೆದೆ. ಅವಳು ಮೇಲೆ ನೋಡಲಿಲ್ಲ.